ರಿಪೇರಿ ಅಂಗಡಿಗೆ ಯಾವ ಬೂಟೆಬಲ್ ಪೆನ್‌ಡ್ರೈವ್: ಹೈರೆನ್ಸ್, ರೂಫಸ್, ವೆಂಟಾಯ್, ಕ್ಲೋನ್‌ಝಿಲ್ಲಾ

ಮೆಕ್ಕೆಜೋಳದ ಸೀಸನ್ ಶುರುವಾದರೆ ದಾವಣಗೆರೆ ಎಪಿಎಂಸಿ ಯಾರ್ಡಿನ ಮಂಡಿಗಳಲ್ಲಿ ಕಂಪ್ಯೂಟರ್ ಒಂದು ದಿನವೂ ನಿಲ್ಲುವ ಹಾಗಿಲ್ಲ. ಅವು ಕೆಡುವುದೂ ಆಗಲೇ. ಜೋಳದ ಧೂಳು, ಹೋಗಿಬರುವ ಕರೆಂಟು, ಬ್ಯಾಟರಿ ಸತ್ತ ಯುಪಿಎಸ್. ಸಿಪಿಯು ಹೊತ್ತು ತಂದ ಹುಡುಗ ಅಂಗಡಿ ಮೆಟ್ಟಿಲ ಮೇಲೇ ಹೇಳುತ್ತಾನೆ: "ಅಣ್ಣಾ, ವಿಂಡೋಸ್ ಹೋಗೈತ್ರಿ. ಫಾರ್ಮ್ಯಾಟ್ ಹೊಡ್ದು ಕೊಡ್ರಿ, ಸಂಜಿಗೆ ಬಿಲ್ ಹಾಕ್ಬೇಕು ಅಂತ ಸಾವ್ಕಾರ್ರು ಹೇಳ್ಯಾರೆ."

ಹುಡುಗ ಕೇಳುವುದು ವಿಂಡೋಸನ್ನು. ಸಾಹುಕಾರರಿಗೆ ಬೇಕಿರುವುದು ಟ್ಯಾಲಿಯೊಳಗಿನ ರೈತರ ಲೆಕ್ಕ. ಈ ಎರಡು ಬೇಡಿಕೆಗೆ ಬೇಕಾದ ಬೂಟೆಬಲ್ ಪೆನ್‌ಡ್ರೈವ್‌ಗಳೂ, ಅಂದರೆ ಯಂತ್ರ ತನ್ನ ಡಿಸ್ಕ್ ಬಿಟ್ಟು ನೇರ ಏಳಬಲ್ಲ ಪೆನ್‌ಡ್ರೈವ್‌ಗಳೂ, ಬೇರೆ ಬೇರೆ. ಹೊಸದಾಗಿ ಅಂಗಡಿ ಹಾಕಿದ ಹುಡುಗರು "ಬೂಟೆಬಲ್ ಮಾಡಾಕೆ ಯಾವುದು ಬೆಸ್ಟ್ ಅಣ್ಣಾ" ಎಂದು ಕೇಳಿದಾಗ ನಾನು ಮೊದಲು ಕೇಳುವುದು ಇಷ್ಟೇ: ಮೇಜಿನ ಮೇಲೆ ಕೂತ ಯಂತ್ರ ಎಷ್ಟು ಹಳೆಯದು, ಅದರೊಳಗೆ ಕಳೆದುಕೊಳ್ಳಬಾರದ್ದು ಏನಿದೆ? ಇವೆರಡಕ್ಕೆ ಉತ್ತರ ಸಿಕ್ಕಿದ ಮೇಲೆ ಸಾಧನ ಆರಿಸುವುದು ಸುಲಭ.

ನನ್ನ ಆಯ್ಕೆಯನ್ನು ಮೊದಲೇ ಹೇಳಿಬಿಡುತ್ತೇನೆ. 64 ಜಿಬಿಯ ಒಂದು ವೆಂಟಾಯ್ ಪೆನ್‌ಡ್ರೈವ್, ರೂಫಸ್ ಎಂಬ ಪ್ರೋಗ್ರಾಂನಿಂದ ಮಾಡಿದ 16 ಜಿಬಿಯ ಒಂದು ವಿಂಡೋಸ್ 11 ಪೆನ್‌ಡ್ರೈವ್, ಜೊತೆಗೆ ಖಾಲಿ ಇರುವ ಒಂದು ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್. ಹೈರೆನ್ಸ್, ಸಿಸ್ಟಮ್‌ರೆಸ್ಕ್ಯೂ, ಕ್ಲೋನ್‌ಝಿಲ್ಲಾ ಎಂಬ ರಿಪೇರಿ ಸಾಧನಗಳೆಲ್ಲ ವೆಂಟಾಯ್ ಒಳಗೆ ಐಎಸ್ಒ ಫೈಲುಗಳಾಗಿ, ಅಂದರೆ ಇಡೀ ಡಿಸ್ಕನ್ನೇ ಒಂದು ಫೈಲಾಗಿಸಿದ ರೂಪದಲ್ಲಿ, ಕೂತಿರುತ್ತವೆ. ಎಲ್ಲವೂ ಒಂದರಲ್ಲೇ ಇದ್ದಮೇಲೆ ಎರಡನೆಯದು ಯಾಕೆ, ಆ ಖಾಲಿ ಡಿಸ್ಕ್ ಯಾಕೆ ಎಂಬುದಕ್ಕೆ ಕಾರಣಗಳಿವೆ.

ಮೊದಲು ಡೇಟಾ: ಹೈರೆನ್ಸ್ ಬೇಕೋ, ಲಿನಕ್ಸ್ ಬೇಕೋ

ಹೈರೆನ್ಸ್ ಬೂಟ್‌ಸಿಡಿ ಎಂದರೆ ಹಳಬರಿಗೆ ನೆನಪಾಗುವುದು ಮಿನಿ ಎಕ್ಸ್‌ಪಿ ಇದ್ದ 15.2. ಆ ಮೂಲ ಸರಣಿ 2012ಕ್ಕೇ ನಿಂತಿತು. ಈಗ ಸಿಗುವ ಹೈರೆನ್ಸ್ ಪಿಇ ಅದರ ಅಭಿಮಾನಿಗಳು ಹೊಸದಾಗಿ ಕಟ್ಟಿದ್ದು. ಒಳಗಿರುವುದು ವಿಂಡೋಸ್ ಪಿಇ, ಅಂದರೆ ರ‍್ಯಾಮ್‌ಗೆ ಏರಿ ಅಲ್ಲಿಂದಲೇ ಓಡುವ ಪುಟ್ಟ ವಿಂಡೋಸ್. ಡೆಸ್ಕ್‌ಟಾಪ್ ಕಾಣುತ್ತದೆ, ಎಕ್ಸ್‌ಪ್ಲೋರರ್ ಇದೆ, ಕಾಪಿ-ಪೇಸ್ಟ್ ಮಾಡಬಹುದು. ಅಂಗಡಿಗೆ ಹೊಸದಾಗಿ ಸೇರಿದ ಹುಡುಗನೂ ಅರ್ಧ ಗಂಟೆಯಲ್ಲಿ ಕಲಿಯುತ್ತಾನೆ. ಆದರೆ ಹೊಸ ಆವೃತ್ತಿ ಕನಿಷ್ಠ 4 ಜಿಬಿ ರ‍್ಯಾಮ್ ಕೇಳುತ್ತದೆ, 64-ಬಿಟ್ ಪ್ರೊಸೆಸರ್ ಬೇಕು. ಹಳೇ ಪೇಟೆಯ ಅಂಗಡಿಗಳಿಂದ ಬರುವ 2 ಜಿಬಿಯ ಯಂತ್ರಗಳಿಗೆ ಇದು ಒಗ್ಗುವುದಿಲ್ಲ.

ಸಿಸ್ಟಮ್‌ರೆಸ್ಕ್ಯೂ ಲಿನಕ್ಸ್ ಆಧಾರಿತ, ಕಡಿಮೆ ರ‍್ಯಾಮ್‌ನಲ್ಲೂ ಏಳುತ್ತದೆ. ಕಪ್ಪು ಪರದೆಯಲ್ಲಿ ಕಮಾಂಡ್ ಹೊಡೆಯಬೇಕೆಂದು ಹುಡುಗರು ಹಿಂಜರಿಯುತ್ತಾರೆ. ಅವರಿಗೆ ನಾನು ಹೇಳುವುದು: ಹಾರ್ಡ್‌ಡಿಸ್ಕ್ ಆರೋಗ್ಯವಾಗಿದ್ದರೆ ಹೈರೆನ್ಸ್, ಡಿಸ್ಕೇ ಸಾಯುತ್ತಿದ್ದರೆ ಕಣ್ಣು ಮುಚ್ಚಿ ಲಿನಕ್ಸ್.

ಡಿಸ್ಕ್‌ನ ಆರೋಗ್ಯ ತಿಳಿಯುವುದು ಕಷ್ಟವಲ್ಲ. ಹೈರೆನ್ಸ್ ಒಳಗೇ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಇದೆ. ಅದರಲ್ಲಿ 05 ಮತ್ತು ಸಿ5 ಎಂಬ ಸಾಲು ನೋಡಿ. ಮೊದಲನೆಯದು ಕೆಟ್ಟು ಬದಲಿ ಪಡೆದ ಸೆಕ್ಟರುಗಳ ಲೆಕ್ಕ, ಎರಡನೆಯದು ಓದಲಾಗದೆ ಬಾಕಿ ಉಳಿದವುಗಳ ಲೆಕ್ಕ. ಸಿ5ರಲ್ಲಿ ಸೊನ್ನೆಯ ಬದಲು ಬೇರೆ ಅಂಕಿ ಕಂಡರೆ ಎಕ್ಸ್‌ಪ್ಲೋರರ್‌ನಲ್ಲಿ ಕಾಪಿ ಹಾಕಬೇಡಿ. ವಿಂಡೋಸ್ ಕೆಟ್ಟ ಜಾಗದಲ್ಲೇ ಮತ್ತೆ ಮತ್ತೆ ಓದಲು ಹೆಣಗುತ್ತದೆ, ಅಷ್ಟರಲ್ಲಿ ಡಿಸ್ಕ್ ಇನ್ನಷ್ಟು ಹದಗೆಡುತ್ತದೆ. ಲಿನಕ್ಸ್‌ನ ಡಿಡಿರೆಸ್ಕ್ಯೂ ಮೊದಲು ಸುಲಭವಾಗಿ ಓದಲು ಬರುವ ಜಾಗವನ್ನೆಲ್ಲ ಬಾಚಿಕೊಂಡು ಆಮೇಲೆ ಕೆಟ್ಟ ಜಾಗಕ್ಕೆ ಹಿಂತಿರುಗುತ್ತದೆ. ಎಲ್ಲಿವರೆಗೆ ಓದಿದೆ ಎಂಬುದನ್ನು ಒಂದು ಮ್ಯಾಪ್ ಫೈಲಿನಲ್ಲಿ ಬರೆದಿಡುವುದರಿಂದ ನಡುವೆ ಕರೆಂಟ್ ಹೋದರೂ ನಿಂತಲ್ಲಿಂದ ಮುಂದುವರಿಯಬಹುದು. ಬೇಸಿಗೆಯಲ್ಲಿ ಈ ಗುಣವೊಂದೇ ಸಾಕು ಅದನ್ನು ಆರಿಸಲು. ಆ ಮ್ಯಾಪ್ ಫೈಲನ್ನು ಎಕ್ಸ್‌ಟರ್ನಲ್ ಡಿಸ್ಕಿನಲ್ಲೇ ಇಡಬೇಕು, ಇಲ್ಲದಿದ್ದರೆ ರ‍್ಯಾಮ್ ಜೊತೆಗೇ ಅಳಿಸಿಹೋಗುತ್ತದೆ. ಖಾಲಿ ಡಿಸ್ಕ್ ಬೇಕೆಂದದ್ದು ಇದಕ್ಕೇ.

ಪಿಇಯಲ್ಲೂ ಇದೇ ಎಚ್ಚರ ಬೇಕು. ಅದರ ಡೆಸ್ಕ್‌ಟಾಪ್ ಇರುವುದು ಎಕ್ಸ್ ಡ್ರೈವ್ ಎಂಬ ರ‍್ಯಾಮ್‌ನ ಜಾಗದಲ್ಲಿ. ಅಲ್ಲಿ ಉಳಿಸಿದ್ದು ರೀಸ್ಟಾರ್ಟ್ ಆದೊಡನೆ ಮಾಯ. ಮೇಲಾಗಿ ವಿಂಡೋಸ್ ಪಿಇ 72 ಗಂಟೆ ಓಡಿದ ಮೇಲೆ ತಾನಾಗಿ ರೀಸ್ಟಾರ್ಟ್ ಆಗುವಂತೆ ಮಾಡಲಾಗಿದೆ, ಹಾಗಾಗಿ ದಿನಗಟ್ಟಲೆ ಹಿಡಿಯುವ ರಿಕವರಿಗೆ ಅದು ಸರಿಬರುವುದಿಲ್ಲ.

ಕಾಪಿ ಮಾಡುವಾಗ ಏನೇನು ತೆಗೆಯಬೇಕು? ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ತೆಗೆದು ಕೈ ತೊಳೆದುಕೊಳ್ಳುವವರೇ ಹೆಚ್ಚು. ಟ್ಯಾಲಿಪ್ರೈಮ್‌ನ ಡೇಟಾ ಸಾಮಾನ್ಯವಾಗಿ ಸಿ ಡ್ರೈವ್‌ನ ಯೂಸರ್ಸ್ ಒಳಗಿನ ಪಬ್ಲಿಕ್ ಫೋಲ್ಡರಿನಲ್ಲಿ, ಬರೀ ಅಂಕಿಗಳ ಹೆಸರಿನ ಫೋಲ್ಡರುಗಳಲ್ಲಿ ಇರುತ್ತದೆ. ಡಿಟಿಪಿ ಅಂಗಡಿ, ಪತ್ರ ಬರಹಗಾರರ ಯಂತ್ರವಾದರೆ ವಿಂಡೋಸ್‌ನ ಫಾಂಟ್ಸ್ ಫೋಲ್ಡರನ್ನೂ ಪೂರ್ತಿ ಎತ್ತಿಕೊಳ್ಳಿ. ಹಳೆಯ ನುಡಿ, ಶ್ರೀಲಿಪಿಯಲ್ಲಿ ಟೈಪಾದ ಕಡತಗಳು ಯೂನಿಕೋಡ್ ಅಲ್ಲ. ಅದೇ ಫಾಂಟ್ ಇಲ್ಲದಿದ್ದರೆ ಹತ್ತು ವರ್ಷದ ಕ್ರಯಪತ್ರಗಳ ನಕಲೆಲ್ಲ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ.

ಬಿಟ್‌ಲಾಕರ್ (ಡಿಸ್ಕಿಗೆ ಗೂಢಲಿಪಿಯ ಬೀಗ ಹಾಕುವ ವಿಂಡೋಸ್ ಸೌಲಭ್ಯ) ಹಾಕಿದ ಡ್ರೈವ್ ಎದುರಾದರೆ ಯಾವ ಪೆನ್‌ಡ್ರೈವೂ ಪವಾಡ ಮಾಡುವುದಿಲ್ಲ. 48 ಅಂಕಿಗಳ ರಿಕವರಿ ಕೀ ಬೇಕೇ ಬೇಕು. ವಿಂಡೋಸ್ 11ರ 24ಎಚ್2 ಆವೃತ್ತಿ ಬಂದಮೇಲೆ ಹೊಸದಾಗಿ ಸೆಟಪ್ ಆಗುವ ಲ್ಯಾಪ್‌ಟಾಪ್‌ಗಳಲ್ಲಿ ಈ ಬೀಗ ಮಾಲೀಕರ ಗಮನಕ್ಕೂ ಬಾರದೆ ಬೀಳುವುದು ಹೆಚ್ಚಾಗಿದೆ. ಬಯಾಸ್‌ನಲ್ಲಿ (ಯಂತ್ರ ಆನ್ ಆದೊಡನೆ ಮೊದಲು ಓಡುವ, ಬೋರ್ಡಿನೊಳಗಿನ ಪ್ರೋಗ್ರಾಂ) ಸೆಕ್ಯೂರ್ ಬೂಟ್, ಅಂದರೆ ನಂಬಿಕೆಯ ಸಹಿ ಇಲ್ಲದ್ದನ್ನು ಬೂಟ್ ಆಗದಂತೆ ತಡೆಯುವ ಕಾವಲು, ಆಫ್ ಮಾಡುವ ಮೊದಲೇ ಗ್ರಾಹಕರ ಮೈಕ್ರೋಸಾಫ್ಟ್ ಖಾತೆಯಲ್ಲಿ ಆ ಕೀ ಇದೆಯೇ ಎಂದು ಅವರ ಫೋನಿನಲ್ಲೇ ತೆರೆಸಿ ನೋಡಿ.

ವಿಂಡೋಸ್ ಹಾಕಲು: ರೂಫಸ್ ಮತ್ತು ವೆಂಟಾಯ್

ರೂಫಸ್ ಒಂದು ಪೆನ್‌ಡ್ರೈವಿಗೆ ಒಂದೇ ಐಎಸ್ಒ ಬರೆಯುತ್ತದೆ. ಹೊಸದು ಬೇಕೆಂದರೆ ಹಳೆಯದನ್ನು ಅಳಿಸಬೇಕು. 2020ರಲ್ಲಿ ಬಂದ ವೆಂಟಾಯ್ ಈ ರಗಳೆಯನ್ನೇ ತೆಗೆದುಹಾಕಿತು. ಒಮ್ಮೆ ಪೆನ್‌ಡ್ರೈವಿಗೆ ಹಾಕಿದರೆ ಸಾಕು, ಆಮೇಲೆ ಐಎಸ್ಒಗಳನ್ನು ಸಿನಿಮಾ ಕಾಪಿ ಮಾಡಿದಂತೆ ಹಾಕುತ್ತ ಹೋಗುವುದು. ಬೂಟ್ ಆದಾಗ ಮೆನುವಿನಲ್ಲಿ ಎಲ್ಲವೂ ಸಾಲಾಗಿ ಕಾಣುತ್ತವೆ. ಹೊಸ ಆವೃತ್ತಿ ಬಂದಾಗ ಅಪ್‌ಡೇಟ್ ಒತ್ತಿದರೆ ಒಳಗಿನ ಫೈಲುಗಳು ಹಾಗೇ ಉಳಿಯುತ್ತವೆ. ಇನ್‌ಸ್ಟಾಲ್ ಒತ್ತಿದರೆ ಮಾತ್ರ ಎಲ್ಲ ಅಳಿಯುತ್ತದೆ. ಎರಡು ಗುಂಡಿಗಳೂ ಅಕ್ಕಪಕ್ಕದಲ್ಲೇ ಇವೆ, ನಿಧಾನಿಸಿ ಒತ್ತಿ.

ದಿನನಿತ್ಯದ ಕೆಲಸಕ್ಕೆ ವೆಂಟಾಯ್ ಗೆಲ್ಲುತ್ತದೆ, ಅದರಲ್ಲಿ ಅನುಮಾನವಿಲ್ಲ. ಡಿಸ್ಕಿನ ಭಾಗಗಳ ಪಟ್ಟಿ ಬರೆಯುವ ಹಳೆಯ ವಿಧಾನವಾದ ಎಂಬಿಆರ್‌ನಲ್ಲಿ ಮಾಡಿದರೆ ಹಳೆಯ ಬಯಾಸ್‌ನ ಯಂತ್ರದಲ್ಲೂ ಅದರ ಜಾಗಕ್ಕೆ ಬಂದ ಯುಇಎಫ್‌ಐ ಇರುವ ಹೊಸ ಯಂತ್ರದಲ್ಲೂ ಅದೇ ಪೆನ್‌ಡ್ರೈವ್ ಏಳುತ್ತದೆ. ರೂಫಸ್‌ನಲ್ಲಿ ಹೊಸ ವಿಧಾನವಾದ ಜಿಪಿಟಿಯೋ ಎಂಬಿಆರೋ ಎಂದು ಮೊದಲೇ ನಿರ್ಧರಿಸಬೇಕು. ಜಿಪಿಟಿಯಲ್ಲಿ ಮಾಡಿಟ್ಟ ಪೆನ್‌ಡ್ರೈವ್ ಹಳೆಯ ಯಂತ್ರದಲ್ಲಿ ಕಾಣಿಸದೆ "ಪೆನ್‌ಡ್ರೈವ್ ಹೋಗಿದೆ" ಎಂದು ಎಸೆದವರನ್ನೂ ನೋಡಿದ್ದೇನೆ.

ಆದರೂ ರೂಫಸ್ ಪೆನ್‌ಡ್ರೈವ್ ಬೇಕು. ಒಂದನೆಯ ಕಾರಣ ಸೆಕ್ಯೂರ್ ಬೂಟ್. ವೆಂಟಾಯ್‌ನಲ್ಲಿ ಪ್ರತಿ ಹೊಸ ಯಂತ್ರಕ್ಕೂ ಒಮ್ಮೆ ನೀಲಿ ಪರದೆಯಲ್ಲಿ ಅದರ ಕೀಯನ್ನು ನೋಂದಾಯಿಸಬೇಕು. ಬಯಾಸ್‌ಗೆ ಪಾಸ್‌ವರ್ಡ್ ಹಾಕಿರುವ ಕಚೇರಿಯ ಲ್ಯಾಪ್‌ಟಾಪ್‌ನಲ್ಲಿ ಅಂಥ ಬದಲಾವಣೆ ಮಾಡುವ ಅಧಿಕಾರ ನಮಗಿಲ್ಲ. ಎರಡನೆಯದು, ವೆಂಟಾಯ್‌ನ ಸೋರ್ಸ್ ಕೋಡ್ ಜೊತೆಗೆ ಮೊದಲೇ ಕಂಪೈಲ್ ಆದ ಬೈನರಿ ಫೈಲುಗಳಿವೆ ಎಂಬ ಆಕ್ಷೇಪ ತಂತ್ರಜ್ಞರ ನಡುವೆ ಇದೆ. ನನ್ನ ಅನುಭವದಲ್ಲಿ ಅದರಿಂದ ತೊಂದರೆಯಾಗಿಲ್ಲ. ಆದರೆ ಸಹಕಾರಿ ಸಂಘದ ಯಂತ್ರ, ಆಡಿಟರ್ ಕಚೇರಿಯ ಯಂತ್ರಕ್ಕೆ ಮೈಕ್ರೋಸಾಫ್ಟ್‌ನಿಂದ ನೇರ ಇಳಿಸಿದ ಐಎಸ್ಒವನ್ನು ರೂಫಸ್‌ನಲ್ಲಿ ಬರೆದೇ ಬಳಸುತ್ತೇನೆ. ಬೇರೆಯವರ ಹಣದ ಲೆಕ್ಕ ಇರುವಲ್ಲಿ ಪ್ರಶ್ನೆಗೆ ಎಡೆಯಿಲ್ಲದ ದಾರಿಯೇ ಒಳ್ಳೆಯದು.

ಮೂರನೆಯ ಕಾರಣ ವಿಂಡೋಸ್ 11. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದ ಮೇಲೆ ಎಲ್ಲರೂ 11 ಕೇಳುತ್ತಿದ್ದಾರೆ. ಐಎಸ್ಒ ಬರೆಯುವ ಮೊದಲು ರೂಫಸ್ ಒಂದು ಪುಟ್ಟ ಕಿಟಕಿ ತೋರಿಸುತ್ತದೆ: ಟಿಪಿಎಂ (ಕೀಗಳನ್ನು ಕಾಯುವ ಭದ್ರತಾ ಚಿಪ್), ಸೆಕ್ಯೂರ್ ಬೂಟ್, 4 ಜಿಬಿ ರ‍್ಯಾಮ್‌ನ ನಿಯಮ ಬಿಡಿಸಬೇಕೆ, ಲೋಕಲ್ ಖಾತೆ ಮಾಡಬೇಕೆ, ಬಿಟ್‌ಲಾಕರ್ ತಾನಾಗಿ ಬೀಳದಂತೆ ತಡೆಯಬೇಕೆ. ಕೊನೆಯದನ್ನು ನಾನು ಸಣ್ಣ ಅಂಗಡಿಗಳ ಯಂತ್ರಕ್ಕೆ ತಪ್ಪದೆ ಟಿಕ್ ಮಾಡುತ್ತೇನೆ. ವೆಂಟಾಯ್‌ನಲ್ಲೂ ವಿಂಡೋಸ್ 11ರ ತಪಾಸಣೆ ದಾಟಿಸುವ ಸೆಟ್ಟಿಂಗ್ ಇದೆ, ಇಷ್ಟು ವಿವರವಾಗಿ ಇಲ್ಲ. ನಿಯಮ ಬಿಡಿಸಿ ಹಾಕಿದ ವಿಂಡೋಸ್ 11 ಅನ್ನು ಮೈಕ್ರೋಸಾಫ್ಟ್ ಬೆಂಬಲಿಸುವುದಿಲ್ಲ ಎಂಬುದನ್ನು ಗ್ರಾಹಕರಿಗೆ ಬಾಯಿಬಿಟ್ಟು ಹೇಳಬೇಕು.

ಕೋರ್ 2 ಡ್ಯುಯೊ ಯಂತ್ರಗಳಿಗೆ ಈ ಉಪಾಯವೂ ನಡೆಯದು. 24ಎಚ್2ಗೆ ಎಸ್‌ಎಸ್‌ಇ 4.2 ಎಂಬ ಸೌಲಭ್ಯ ಪ್ರೊಸೆಸರಿನೊಳಗೇ ಇರಬೇಕು, ಅದಿಲ್ಲದ ಚಿಪ್‌ನಲ್ಲಿ ಬೂಟೇ ಆಗುವುದಿಲ್ಲ. ಬ್ರೌಸರ್, ಪ್ರಿಂಟು ಸಾಕೆನ್ನುವವರಿಗೆ ಅಂಥ ಯಂತ್ರದಲ್ಲಿ ಎಸ್‌ಎಸ್‌ಡಿ ಕೂರಿಸಿ ಲಿನಕ್ಸ್ ಮಿಂಟ್ ಹಾಕಿಕೊಡುತ್ತೇನೆ.

ಮೈಕ್ರೋಸಾಫ್ಟ್‌ನದೇ ಮೀಡಿಯಾ ಕ್ರಿಯೇಶನ್ ಟೂಲ್ ಮನೆಯಲ್ಲಿ ಒಂದು ಲ್ಯಾಪ್‌ಟಾಪ್‌ಗೆ ಹಾಕಿಕೊಳ್ಳುವವರಿಗೆ ಸಾಕು. ಬಲೆನಾ ಎಚರ್ ಲಿನಕ್ಸ್ ಐಎಸ್ಒಗಳಿಗೆ ಚೆನ್ನ, ವಿಂಡೋಸ್ ಐಎಸ್ಒಗೆ ಬಳಸಬೇಡಿ. "ಆಕ್ಟಿವೇಟ್ ಆಗಿಯೇ ಬರುತ್ತೆ" ಎಂದು ಹಂಚುವ ಐಎಸ್ಒಗಳನ್ನು ನನ್ನ ಅಂಗಡಿಯೊಳಗೇ ಬಿಟ್ಟುಕೊಳ್ಳುವುದಿಲ್ಲ. ಅದರೊಳಗೆ ಯಾರು ಏನು ಸೇರಿಸಿದ್ದಾರೋ ನಮಗೆ ಗೊತ್ತಿರುವುದಿಲ್ಲ, ನಂಬಿ ಯಂತ್ರ ಕೊಟ್ಟವರಿಗೆ ಅದನ್ನು ಹಾಕಿಕೊಡುವುದು ದ್ರೋಹ.

ವೆಂಟಾಯ್ ಒಗ್ಗಿಸಿಕೊಳ್ಳುವುದು, ಅದರಲ್ಲಿ ನಾನು ಮಾಡಿದ ತಪ್ಪು

ವೆಂಟಾಯ್ ಜೊತೆಗೆ ಬರುವ ಪ್ಲಗ್‌ಸನ್ ಎಂಬ ಪ್ರೋಗ್ರಾಂ ತೆರೆದರೆ ಬ್ರೌಸರಿನಲ್ಲೇ ಎಲ್ಲ ಬದಲಾವಣೆ ಮಾಡಬಹುದು, ಜೇಸನ್ ಎಂಬ ಸೆಟ್ಟಿಂಗ್ ಫೈಲು ಕೈಯಿಂದ ಬರೆಯಬೇಕಿಲ್ಲ. ನಾನು ಮಾಡಿಕೊಂಡದ್ದು ಮೂರು. ಉದ್ದನೆಯ ಐಎಸ್ಒ ಹೆಸರುಗಳಿಗೆ ಅಡ್ಡಹೆಸರು ಕೊಟ್ಟೆ, ಹುಡುಗರಿಗೆ ಗೊಂದಲ ತಪ್ಪಿತು. ಮೆನುವನ್ನು ಫೋಲ್ಡರುಗಳ ಹಾಗೆ ಕಾಣುವಂತೆ ಮಾಡಿದೆ: ಡೇಟಾ, ವಿಂಡೋಸ್, ಪರೀಕ್ಷೆ. ಡ್ರೈವರ್‌ಗಳನ್ನು ಇಟ್ಟ ಫೋಲ್ಡರಿನೊಳಗೆ ವೆಂಟಾಯ್‌ಇಗ್ನೋರ್ ಎಂಬ ಖಾಲಿ ಫೈಲು, ಹೆಸರಿನ ಮುಂದೆ ಚುಕ್ಕೆಯೊಂದಿಗೆ, ಇಟ್ಟೆ. ವೆಂಟಾಯ್ ಅಲ್ಲಿ ಹುಡುಕಲು ಹೋಗುವುದಿಲ್ಲ, ಮೆನು ಬೇಗ ತೆರೆಯುತ್ತದೆ.

ಇನ್ನೊಂದು ಸೌಲಭ್ಯ ತಾನಾಗಿ ಇನ್‌ಸ್ಟಾಲ್ ಆಗುವುದು. ವಿಂಡೋಸ್ ಕೇಳುವ ಭಾಷೆ, ಪಾರ್ಟಿಶನ್, ಖಾತೆ ಎಲ್ಲಕ್ಕೂ ಉತ್ತರ ಬರೆದಿಟ್ಟ ಎಕ್ಸ್‌ಎಂಎಲ್ ಫೈಲನ್ನು ಐಎಸ್ಒಗೆ ಜೋಡಿಸಬಹುದು. ಸಾಮಾನ್ಯವಾಗಿ ವೆಂಟಾಯ್ "ಉತ್ತರ ಫೈಲಿನೊಂದಿಗೆ ಹೋಗಲೋ, ಇಲ್ಲದೆ ಹೋಗಲೋ" ಎಂದು ಕೇಳುತ್ತದೆ. ನಾನು ಅವಸರಕ್ಕೆ ಹತ್ತು ಸೆಕೆಂಡಿನಲ್ಲಿ ತಾನೇ ಆರಿಸಿಕೊಳ್ಳುವಂತೆ ಮಾಡಿಟ್ಟಿದ್ದೆ, ಫೈಲಿನಲ್ಲಿ ಮೊದಲ ಡಿಸ್ಕನ್ನು ಪೂರ್ತಿ ಅಳಿಸುವ ಸಾಲೂ ಇತ್ತು. ಒಂದು ಸ್ಟುಡಿಯೋದ ಯಂತ್ರ ಬಂದಿತ್ತು. ಸಿ ಡ್ರೈವ್ ಮಾತ್ರ ಫಾರ್ಮ್ಯಾಟ್, ಡಿಯಲ್ಲಿ ಮದುವೆ ಫೋಟೋಗಳಿವೆ ಎಂದು ಸ್ಪಷ್ಟವಾಗಿ ಹೇಳಿಯೇ ಕೊಟ್ಟಿದ್ದರು. ಪೆನ್‌ಡ್ರೈವ್ ಹಾಕಿ ಫೋನ್ ಎತ್ತಲು ತಿರುಗಿದೆ. ಮತ್ತೆ ನೋಡುವಾಗ ಹೊಸ ವಿಂಡೋಸ್ ಕಾಪಿ ಆಗುತ್ತಿತ್ತು. ಡಿ ಡ್ರೈವ್ ಇರಲಿಲ್ಲ.

ಅದು ಹಾರ್ಡ್‌ಡಿಸ್ಕ್ ಆಗಿದ್ದರಿಂದ ಫೋಟೋರೆಕ್ ಎಂಬ ರಿಕವರಿ ಪ್ರೋಗ್ರಾಂನಲ್ಲಿ ಬಹುಪಾಲು ಚಿತ್ರಗಳು ಸಿಕ್ಕವು, ಆದರೆ ಹೆಸರಾಗಲಿ ಫೋಲ್ಡರಾಗಲಿ ಇಲ್ಲದೆ. ಯಾವ ಮದುವೆಯದ್ದು ಯಾವುದೆಂದು ಅವರ ಜೊತೆ ಮೂರು ರಾತ್ರಿ ಕೂತು ವಿಂಗಡಿಸಿದೆ. ಎಸ್‌ಎಸ್‌ಡಿ ಆಗಿದ್ದರೆ ಅಳಿಸಿದ ಜಾಗವನ್ನು ಟ್ರಿಮ್ ಎಂಬ ಅದರ ವ್ಯವಸ್ಥೆ ಆಗಲೇ ಖಾಲಿ ಮಾಡಿರುತ್ತಿತ್ತು, ಏನೂ ಸಿಗುತ್ತಿರಲಿಲ್ಲ. ಅಂದಿನಿಂದ ಡಿಸ್ಕ್ ಅಳಿಸುವ ಸಾಲು ನನ್ನ ಯಾವ ಉತ್ತರ ಫೈಲಿನಲ್ಲೂ ಇಲ್ಲ. ಪಾರ್ಟಿಶನ್ ಆರಿಸುವ ಹಂತದಲ್ಲಿ ಅದು ನಿಂತು ಮನುಷ್ಯನನ್ನು ಕೇಳಲೇಬೇಕು. ತಾನೇ ಆರಿಸಿಕೊಳ್ಳುವ ಸೆಟ್ಟಿಂಗನ್ನೂ ತೆಗೆದುಹಾಕಿದ್ದೇನೆ.

ಪೆನ್‌ಡ್ರೈವ್ ಏಳದಿದ್ದಾಗ, ಡಿಸ್ಕ್ ಕಾಣದಿದ್ದಾಗ

ಬೂಟ್ ಮೆನುವಿನ ಕೀಗಳು ಬಾಯಿಪಾಠ ಆಗಿರಲಿ: ಎಚ್‌ಪಿಗೆ ಎಫ್9, ಡೆಲ್ ಮತ್ತು ಲೆನೊವೊ ಥಿಂಕ್‌ಪ್ಯಾಡ್‌ಗೆ ಎಫ್12, ಅಸೂಸ್ ಲ್ಯಾಪ್‌ಟಾಪ್‌ಗೆ ಎಸ್ಕೇಪ್, ಎಂಎಸ್ಐ ಬೋರ್ಡಿಗೆ ಎಫ್11. ಏಸರ್‌ನಲ್ಲಿ ಎಫ್12 ಮೆನುವನ್ನು ಎಷ್ಟೋ ಸಲ ಬಯಾಸ್ ಒಳಗೆ ಹೋಗಿ ಮೊದಲು ಆನ್ ಮಾಡಬೇಕಾಗುತ್ತದೆ.

ಹನ್ನೊಂದನೆಯ ತಲೆಮಾರಿನಿಂದಾಚೆಯ ಇಂಟೆಲ್ ಲ್ಯಾಪ್‌ಟಾಪ್‌ಗಳಲ್ಲಿ ಹೆಚ್ಚು ಜನ ಮೋಸಹೋಗುವುದು ವಿಎಂಡಿಯಿಂದ. ಪೆನ್‌ಡ್ರೈವ್ ಚೆನ್ನಾಗಿ ಏಳುತ್ತದೆ, ಆದರೆ ವಿಂಡೋಸ್ ಸೆಟಪ್‌ನಲ್ಲಿ ಡಿಸ್ಕಿನ ಪಟ್ಟಿ ಖಾಲಿ. ಎಸ್‌ಎಸ್‌ಡಿ ಸತ್ತಿದೆ ಎಂದು ಹೊಸದು ಕೊಳ್ಳಿಸಿದವರಿದ್ದಾರೆ. ಎಸ್‌ಎಸ್‌ಡಿ ಸರಿಯಾಗಿಯೇ ಇರುತ್ತದೆ. ಇಂಟೆಲ್‌ನ ವಿಎಂಡಿ ಕಂಟ್ರೋಲರ್ ಅದರ ಮುಂದೆ ನಿಂತಿದೆ, ಅದರ ಡ್ರೈವರ್ ಸೆಟಪ್‌ಗೆ ಗೊತ್ತಿಲ್ಲ, ಅಷ್ಟೆ. ಇಂಟೆಲ್ ರ‍್ಯಾಪಿಡ್ ಸ್ಟೋರೇಜ್ ಡ್ರೈವರನ್ನು ಬಿಚ್ಚಿ ವೆಂಟಾಯ್ ಪೆನ್‌ಡ್ರೈವ್‌ನಲ್ಲೇ ಒಂದು ಫೋಲ್ಡರಿನಲ್ಲಿಡಿ, ಸೆಟಪ್‌ನಲ್ಲಿ ಲೋಡ್ ಡ್ರೈವರ್ ಒತ್ತಿ ತೋರಿಸಿ, ಡಿಸ್ಕ್ ಪ್ರತ್ಯಕ್ಷವಾಗುತ್ತದೆ. ಬಯಾಸ್‌ನಲ್ಲಿ ವಿಎಂಡಿ ಆಫ್ ಮಾಡುವುದೂ ಒಂದು ದಾರಿ, ಆದರೆ ಪೂರ್ತಿ ಹೊಸದಾಗಿ ವಿಂಡೋಸ್ ಹಾಕುವಾಗ ಮಾತ್ರ. ಇರುವ ವಿಂಡೋಸನ್ನು ಉಳಿಸಿಕೊಂಡು ರಿಪೇರಿ ಮಾಡುತ್ತಿದ್ದರೆ ಆಫ್ ಮಾಡಿದೊಡನೆ ಬೂಟ್ ಡಿವೈಸ್ ಸಿಗುತ್ತಿಲ್ಲವೆಂಬ ನೀಲಿ ಪರದೆ ಬರುತ್ತದೆ. ಗ್ರಾಹಕರ ಒಂದು ದೂರು ಎರಡಾಗುತ್ತದೆ.

ನಿನ್ನೆಯವರೆಗೆ ಏಳುತ್ತಿದ್ದ ಲಿನಕ್ಸ್ ಐಎಸ್ಒ ಇವತ್ತು ಸೆಕ್ಯೂರಿಟಿ ವಯೊಲೇಶನ್ ಎಂದು ನಿಂತರೆ ಪೆನ್‌ಡ್ರೈವನ್ನು ಬೈಯಬೇಡಿ. 2024ರ ಆಗಸ್ಟ್‌ನ ವಿಂಡೋಸ್ ಅಪ್‌ಡೇಟ್ ಹಳೆಯ, ದೋಷವಿದ್ದ ಲಿನಕ್ಸ್ ಬೂಟ್‌ಲೋಡರುಗಳನ್ನು ಸೆಕ್ಯೂರ್ ಬೂಟ್‌ನಲ್ಲಿ ತಡೆಯಿತು. ಹೊಸ ಐಎಸ್ಒ ಇಳಿಸಿಕೊಂಡರೆ ಸರಿಹೋಗುತ್ತದೆ. 2011ರ ಸೆಕ್ಯೂರ್ ಬೂಟ್ ಸರ್ಟಿಫಿಕೇಟುಗಳ ಅವಧಿಯೂ 2026ರ ಜೂನ್‌ನಿಂದ ಒಂದೊಂದಾಗಿ ಮುಗಿಯುವಂಥದ್ದು, ಅವುಗಳ ಜಾಗಕ್ಕೆ 2023ರವು ಬಂದಿವೆ. ಐಎಸ್ಒಗಳನ್ನು ಮೂರು ನಾಲ್ಕು ತಿಂಗಳಿಗೊಮ್ಮೆ ಬದಲಿಸುವ ಅಭ್ಯಾಸ ಈಗ ಅನಿವಾರ್ಯ.

ವೆಂಟಾಯ್ ಮೆನು ಬಂದು, ಐಎಸ್ಒ ಆರಿಸಿದ ಮೇಲೆ ನಿಂತುಹೋದರೆ ಮೊದಲು ಆ ಫೈಲು ಪೂರ್ತಿ ಇದೆಯೇ ನೋಡಿ. ಮೆನುವಿನಲ್ಲೇ ಎಂ ಒತ್ತಿ ಚೆಕ್‌ಸಮ್ (ಫೈಲಿನ ಬೆರಳಚ್ಚಿನಂಥ ಸಂಖ್ಯೆ) ತೆಗೆದು ಮೂಲ ತಾಣದ ಸಂಖ್ಯೆಯೊಂದಿಗೆ ತಾಳೆ ಹಾಕಬಹುದು. ಅದು ಸರಿಯಿದ್ದರೆ ವಿಂಡೋಸ್ ಮತ್ತು ಪಿಇಗೆ ವಿಮ್‌ಬೂಟ್ ವಿಧಾನ, ಲಿನಕ್ಸ್‌ಗೆ ಗ್ರಬ್2 ವಿಧಾನ ಪ್ರಯತ್ನಿಸಿ. ಹಳೆಯ ಬಯಾಸ್‌ಗಳಲ್ಲಿ ಕೆಲವು ಯುಎಸ್‌ಬಿ ಡಿಸ್ಕಿನ ಮೊದಲ 128 ಜಿಬಿಯಾಚೆ ಓದುವುದೇ ಇಲ್ಲ. ನಾನು 64 ಜಿಬಿಗೇ ನಿಲ್ಲುವುದು ಅದಕ್ಕೆ. ಅಗ್ಗಕ್ಕೆ ಸಿಕ್ಕ ಪೆನ್‌ಡ್ರೈವ್ ನಕಲಿಯಾಗಿದ್ದರೆ 64 ಎಂದು ತೋರಿಸಿ ಒಳಗೆ 8 ಮಾತ್ರ ಇರಬಹುದು. ಕೊಂಡ ದಿನವೇ ಎಚ್2ಟೆಸ್ಟ್‌ಡಬ್ಲ್ಯೂ ಓಡಿಸಿ ಪೂರ್ತಿ ತುಂಬಿಸಿ ನೋಡಿ.

ಮೂವತ್ತು ಯಂತ್ರಗಳ ಲ್ಯಾಬ್

ಜಗಳೂರು, ಚಳ್ಳಕೆರೆ ಕಡೆಯ ಶಾಲಾ ಲ್ಯಾಬ್‌ಗೆ ಹೋದರೆ ಲೆಕ್ಕವೇ ಬೇರೆ. ಒಂದೇ ಮಾದರಿಯ ಮೂವತ್ತು ಯಂತ್ರಗಳಿಗೆ ವಿಂಡೋಸ್, ಆಫೀಸ್, ನುಡಿ, ಪ್ರಿಂಟರ್ ಡ್ರೈವರ್ ಒಂದೊಂದಾಗಿ ಹಾಕಿದರೆ ವಾರ ಹಿಡಿಯುತ್ತದೆ. ಇಲ್ಲಿ ಕ್ಲೋನ್‌ಝಿಲ್ಲಾ. ಒಂದು ಯಂತ್ರವನ್ನು ಚೊಕ್ಕವಾಗಿ ಸಿದ್ಧಮಾಡಿ ಅದರ ಇಮೇಜ್, ಅಂದರೆ ಇಡೀ ಡಿಸ್ಕಿನ ನಕಲು, ತೆಗೆದು ಉಳಿದವಕ್ಕೆ ಇಳಿಸುವುದು. ಡಿಸ್ಕಿನ ಬಳಸಿದ ಭಾಗವನ್ನಷ್ಟೇ ಅದು ಉಳಿಸಿಕೊಳ್ಳುತ್ತದೆ. ಅಕ್ಷರಗಳ ಪರದೆ ಕಷ್ಟವೆನ್ನುವವರಿಗೆ ಮೌಸ್‌ನಲ್ಲಿ ಕೆಲಸ ಮಾಡುವ ರೆಸ್ಕ್ಯೂಝಿಲ್ಲಾ ಇದೆ, ಕ್ಲೋನ್‌ಝಿಲ್ಲಾದ ಇಮೇಜನ್ನೂ ಅದು ಓದುತ್ತದೆ.

ನೆಟ್‌ವರ್ಕ್ ಮೂಲಕ ಎಲ್ಲಕ್ಕೂ ಒಟ್ಟಿಗೆ ಇಳಿಸಬೇಕೋ, ಡಿಸ್ಕ್ ಹಿಡಿದು ಒಂದೊಂದಕ್ಕೇ ಹಾಕಬೇಕೋ ಎಂಬುದನ್ನು ಅಲ್ಲಿನ ಸ್ವಿಚ್ ನಿರ್ಧರಿಸುತ್ತದೆ. 100 ಎಂಬಿಪಿಎಸ್‌ನ ಹಳೆಯ ಸ್ವಿಚ್‌ನಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 12 ಎಂಬಿ ಹರಿಯುತ್ತದೆ, 40 ಜಿಬಿ ಇಮೇಜಿಗೆ ಸುಮಾರು ಒಂದು ಗಂಟೆ. ಒಂದೇ ಸಲಕ್ಕೆ ಎಲ್ಲಕ್ಕೂ ಕಳಿಸುವ ಮಲ್ಟಿಕಾಸ್ಟ್‌ನಲ್ಲಿ ಆ ಒಂದು ಗಂಟೆಯಲ್ಲೇ ಮೂವತ್ತೂ ಮುಗಿಯುತ್ತವೆ, ಆದರೆ ನಡುವೆ ಕರೆಂಟ್ ಹೋದರೆ ಮೂವತ್ತೂ ಮತ್ತೆ ಮೊದಲಿನಿಂದ. ಯುಪಿಎಸ್ ಗಟ್ಟಿಯಿಲ್ಲದ ಶಾಲೆಯಲ್ಲಿ ನಾನು ಯುಎಸ್‌ಬಿ 3.0 ಎಕ್ಸ್‌ಟರ್ನಲ್ ಎಸ್‌ಎಸ್‌ಡಿ ಎರಡು ಹಿಡಿದು ಇಬ್ಬರು ಹುಡುಗರನ್ನು ಎರಡು ಸಾಲಿಗೆ ಬಿಡುತ್ತೇನೆ.

ಇಮೇಜ್ ತೆಗೆಯುವ ಯಂತ್ರದ ಡಿಸ್ಕ್, ಇಳಿಸುವ ಯಂತ್ರದ್ದಕ್ಕಿಂತ ದೊಡ್ಡದಾಗಿದ್ದರೆ ಕ್ಲೋನ್‌ಝಿಲ್ಲಾ ಒಪ್ಪುವುದಿಲ್ಲ. ಆದ್ದರಿಂದ ಇರುವುದರಲ್ಲಿ ಚಿಕ್ಕ ಡಿಸ್ಕಿನ ಯಂತ್ರವನ್ನೇ ಮಾದರಿಗೆ ಆರಿಸಿ. ಬಿಟ್‌ಲಾಕರ್ ಆಫ್ ಆಗಿರಲಿ, ಇಲ್ಲದಿದ್ದರೆ ಖಾಲಿ ಜಾಗವೂ ಸೇರಿ ಡಿಸ್ಕಿನಷ್ಟೇ ದೊಡ್ಡ ಇಮೇಜ್ ಬರುತ್ತದೆ. ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ ಪೂರ್ತಿ ಶಟ್‌ಡೌನ್ ಆದಮೇಲೆಯೇ ತೆಗೆಯಿರಿ. ನಕಲಿಗೆ ಮುನ್ನ ಯಂತ್ರದ ಸ್ವಂತ ಗುರುತನ್ನು ತೆಗೆಯುವ ಸಿಸ್‌ಪ್ರೆಪ್ ಬಿಟ್ಟುಬಿಡುವ ಹಳೆಯ ಚಾಳಿ ಈಗ ನಡೆಯದು. 2025ರ ಆಗಸ್ಟ್ ಕೊನೆಯಿಂದಾಚೆಯ ಅಪ್‌ಡೇಟುಗಳಿರುವ ವಿಂಡೋಸ್ 11ರಲ್ಲಿ ಒಂದೇ ಎಸ್‌ಐಡಿ (ವಿಂಡೋಸ್ ಯಂತ್ರಕ್ಕೆ ಕೊಡುವ ಗುರುತಿನ ಸಂಖ್ಯೆ) ಹೊತ್ತ ಯಂತ್ರಗಳು ಪರಸ್ಪರ ಲಾಗಿನ್ ಆಗಲು ನಿರಾಕರಿಸುತ್ತವೆ, ಫೈಲು ಹಂಚಿಕೊಳ್ಳಲು ಹೋದರೆ ಪಾಸ್‌ವರ್ಡ್ ಸರಿಯಿದ್ದರೂ ತಪ್ಪೆನ್ನುತ್ತವೆ.

ಇಮೇಜ್ ಮುಚ್ಚುವ ಮೊದಲು ಮಾದರಿ ಯಂತ್ರದ ಮುಂದೆ ಆ ಶಾಲೆಯ ಮೇಷ್ಟ್ರನ್ನೇ ಕೂರಿಸಿ. ನುಡಿಯಲ್ಲಿ ನಾಲ್ಕು ಸಾಲು ಟೈಪ್ ಮಾಡಿ ಪ್ರಿಂಟ್ ತೆಗೆಯಲಿ, ಪ್ರೊಜೆಕ್ಟರ್ ಹಚ್ಚಲಿ. ಒತ್ತಕ್ಷರ ಸರಿ ಬೀಳಲಿಲ್ಲವೆಂದು ಆಗ ತಿಳಿದರೆ ಒಂದು ಯಂತ್ರದಲ್ಲಿ ತಿದ್ದಿದರಾಯಿತು.